ಓದುಗರ ಪ್ರಶ್ನೆ, ವೈದ್ಯರ ಉತ್ತರ: ಅಲರ್ಜಿಯ ಪರೀಕ್ಷೆಗಳು ಮತ್ತು ಹೊಸ ಚಿಕಿತ್ಸೆಗಳು

ಅಲರ್ಜಿಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಇದು ತಿಳಿವಳಿಕೆಗಾಗಿ ಬರೆದದ್ದು. ಔಷಧವನ್ನು ಆರಂಭಿಸುವ ಅಥವಾ ನಿಲ್ಲಿಸುವ ನಿರ್ಧಾರವನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಬೇಕು.

ಪ್ರಶ್ನೆ: ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ಆಗಾಗ ತಲೆನೋವು ಬರುತ್ತದೆ. ಒಂದೇ ಸಲಕ್ಕೆ ಹತ್ತಾರು ಆಹಾರಗಳ ಅಲರ್ಜಿಯನ್ನು ಪತ್ತೆಮಾಡುವ ರಕ್ತಪರೀಕ್ಷೆಯನ್ನು ನಾನಾಗಿಯೇ ಮಾಡಿಸಿದೆ. ಹಾಲು, ಗೋಧಿ, ಮೊಟ್ಟೆ ಸೇರಿದಂತೆ ಹಲವಕ್ಕೆ ‘ಪಾಸಿಟಿವ್’ ಎಂದು ಬಂದಿದೆ. ಎಲ್ಲವನ್ನೂ ಬಿಟ್ಟಿದ್ದೇನೆ. ತೂಕ ಇಳಿದಿದೆ, ಹೊಟ್ಟೆಯ ತೊಂದರೆ ಮಾತ್ರ ಹಾಗೆಯೇ ಇದೆ. ಇನ್ನೂ ಯಾವುದನ್ನು ಬಿಡಬೇಕು?

ಉತ್ತರ: ಇನ್ನು ಯಾವುದನ್ನೂ ಬಿಡಬೇಡಿ. ಬಿಟ್ಟಿರುವುದರಲ್ಲಿ ಯಾವುದನ್ನು ಮತ್ತೆ ತಿನ್ನಬಹುದು ಎಂಬುದನ್ನು ಈಗ ಯೋಚಿಸಬೇಕಾಗಿದೆ.

ಮೊದಲು ವರದಿಯನ್ನು ತೆಗೆದು, ಅದರಲ್ಲಿ ಅಳೆದಿರುವುದು ಯಾವ ಪ್ರತಿಕಾಯವನ್ನು ಎಂದು ನೋಡಿ. ಐಜಿಜಿ ಅಥವಾ ಐಜಿಜಿ-4 ಎಂದಿದ್ದರೆ, ಆ ವರದಿಯನ್ನು ನಂಬಿ ಒಂದೇ ಒಂದು ಆಹಾರವನ್ನೂ ಬಿಡಬೇಕಾಗಿಲ್ಲ. ನಾವು ತಿನ್ನುವ ಆಹಾರದ ಪ್ರೋಟೀನುಗಳ ವಿರುದ್ಧ ಈ ಪ್ರತಿಕಾಯಗಳು ಆರೋಗ್ಯವಂತರ ರಕ್ತದಲ್ಲೂ ಇರುತ್ತವೆ. ದೇಹಕ್ಕೆ ಆ ಆಹಾರದ ಪರಿಚಯವಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಅವು ಹೇಳುವುದಿಲ್ಲ. ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ಐಜಿಜಿ-4 ಪರೀಕ್ಷೆಯನ್ನು ಬಳಸಕೂಡದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಅಮೆರಿಕ ಮತ್ತು ಕೆನಡಾದ ತಜ್ಞ ಸಂಘಗಳ ನಿಲುವೂ ಅದೇ. ಇಷ್ಟಾದರೂ ಇಂಥ ಪರೀಕ್ಷೆಗಳು ‘ಆಹಾರ ಅಸಹಿಷ್ಣುತೆ’ಯ ಹೆಸರಿನಲ್ಲಿ ಎಗ್ಗಿಲ್ಲದೆ ಮಾರಾಟವಾಗುತ್ತಿರುವುದು ಬೇಸರದ ಸಂಗತಿ.

ವರದಿಯಲ್ಲಿ ಐಜಿಇ ಎಂದಿದ್ದರೆ ಮಾತು ಸ್ವಲ್ಪ ಬೇರೆ. 1966-67ರ ಹೊತ್ತಿಗೆ ಅಮೆರಿಕದಲ್ಲಿ ಇಶಿಜಾಕಾ ದಂಪತಿ ಹಾಗೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆಬೇರೆಯಾಗಿ ಗುರುತಿಸಿದ ಈ ಪ್ರತಿಕಾಯವೇ ಕೂಡಲೇ ಕಾಣಿಸಿಕೊಳ್ಳುವ ಅಲರ್ಜಿಗೆ ಮೂಲ. ಅದು ಮಾಸ್ಟ್ ಕೋಶಗಳ ಮೇಲೆ ಅಂಟಿ ಕುಳಿತಿರುತ್ತದೆ; ತನಗೆ ಹೊಂದುವ ಪ್ರೋಟೀನು ಬಂದು ತಾಗಿದಾಗ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಹಾಕುತ್ತವೆ. ಆದರೆ ರಕ್ತದಲ್ಲಿ ಐಜಿಇ ಇದ್ದವರೆಲ್ಲರಿಗೂ ಅಲರ್ಜಿ ಇರುವುದಿಲ್ಲ. ಆಹಾರದ ಸಾರದ ಹನಿಯಿಟ್ಟು ಚರ್ಮವನ್ನು ಮೆಲ್ಲಗೆ ಚುಚ್ಚಿ ನೋಡುವ ‘ಚರ್ಮದ ಚುಚ್ಚು ಪರೀಕ್ಷೆ’ಯಲ್ಲಿ 3 ಮಿಲಿಮೀಟರಿನ ಗುಳ್ಳೆ ಎದ್ದರೂ, ರಕ್ತಪರೀಕ್ಷೆಯಲ್ಲಿ ಬಹುಕಾಲದಿಂದ ಗಡಿಯೆಂದು ಹಿಡಿದಿರುವ 0.35 ಮಾನವನ್ನು ಅಂಕಿ ದಾಟಿದರೂ, ಆ ಆಹಾರವನ್ನು ಸಲೀಸಾಗಿ ತಿಂದು ಅರಗಿಸಿಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಕಿ ದೊಡ್ಡದಾದಷ್ಟೂ ಅಲರ್ಜಿ ಇರುವ ಸಂಭವ ಹೆಚ್ಚುತ್ತದೆ ಎನ್ನುವುದು ನಿಜ. ಆದರೆ ಅಲರ್ಜಿಯಾದರೆ ಅದು ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಆ ಅಂಕಿ ನಂಬುವಂತೆ ತಿಳಿಸುವುದಿಲ್ಲ. ಆದ್ದರಿಂದಲೇ, ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು, ಮತ್ತೊಮ್ಮೆ ತಿಂದಾಗಲೂ ಹಾಗೆಯೇ ಆಯಿತೇ ಎಂದು ಕೇಳಿಕೊಂಡ ಮೇಲೆ, ಆ ಉತ್ತರಗಳು ಬೆರಳು ತೋರಿಸುವ ಒಂದೆರಡು ಆಹಾರಗಳನ್ನು ಮಾತ್ರ ಪರೀಕ್ಷಿಸುವುದು ಸರಿಯಾದ ಕ್ರಮ. ಹತ್ತಾರು ಆಹಾರಗಳಿಗೆ ಒಮ್ಮೆಲೇ ಬಲೆ ಬೀಸಿದರೆ ಹುಸಿ ಪಾಸಿಟಿವ್‌ಗಳು ಸಿಕ್ಕೇ ಸಿಗುತ್ತವೆ.

ಈ ಅನಿಶ್ಚಯವನ್ನು ಕಡಿಮೆಮಾಡುವ ಎರಡು ಬೆಳವಣಿಗೆಗಳನ್ನು ಇಲ್ಲಿ ಹೇಳಬೇಕು. ಇಡೀ ಕಡಲೆಕಾಯಿಯ ಸಾರಕ್ಕೆ ಬದಲಾಗಿ ಅದರೊಳಗಿನ ಒಂದೊಂದೇ ಪ್ರೋಟೀನಿನ ವಿರುದ್ಧ ಇರುವ ಐಜಿಇಯನ್ನು ಅಳೆಯುವುದು ಮೊದಲನೆಯದು. ‘ಅರಾ ಎಚ್ 2’ ಎಂಬ ಪ್ರೋಟೀನಿಗೆ ಐಜಿಇ ಇದ್ದರೆ ನಿಜವಾದ ಅಲರ್ಜಿಯ ಸಂಭವ ಹೆಚ್ಚು. ಭೂರ್ಜ ಮರದ ಪರಾಗದ ಪ್ರೋಟೀನನ್ನು ಹೋಲುವ ‘ಅರಾ ಎಚ್ 8’ಕ್ಕೆ ಮಾತ್ರ ಇದ್ದರೆ, ಸಾಮಾನ್ಯವಾಗಿ ಬಾಯಿಯ ತುರಿಕೆಗಿಂತ ಹೆಚ್ಚಿನದೇನೂ ಆಗುವುದಿಲ್ಲ. ಎರಡನೆಯದು ಬೇಸೊಫಿಲ್ ಪರೀಕ್ಷೆ: ರೋಗಿಯ ತಾಜಾ ರಕ್ತಕ್ಕೆ ಶಂಕಿತ ಆಹಾರದ ಸಾರವನ್ನು ಸೇರಿಸಿ, ಅದರಲ್ಲಿನ ಬೇಸೊಫಿಲ್ ಎಂಬ ಬಿಳಿ ರಕ್ತಕೋಶಗಳು ಕೆರಳುತ್ತವೆಯೇ ಎಂದು ಯಂತ್ರದಲ್ಲಿ ನೋಡುವುದು. ಪ್ರತಿಕಾಯ ಇದೆಯೇ ಎಂಬುದಕ್ಕಿಂತ ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಇದು ತೋರಿಸುವುದರಿಂದ ಹುಸಿ ಪಾಸಿಟಿವ್ ಕಡಿಮೆ. ಯುರೋಪಿನ ಅಕಾಡೆಮಿ 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದಕ್ಕೂ ಸ್ಥಾನ ಸಿಕ್ಕಿದೆ. ಆದರೆ ರಕ್ತವನ್ನು ತೆಗೆದ ಕೆಲವೇ ತಾಸುಗಳಲ್ಲಿ ಪರೀಕ್ಷಿಸಬೇಕಾದ್ದರಿಂದ ಇದು ಎಲ್ಲೆಡೆ ಲಭ್ಯವಿಲ್ಲ. ಇವೆಲ್ಲ ಆದ ಮೇಲೂ ಸಂಶಯ ಉಳಿದರೆ, ವೈದ್ಯರ ಕಣ್ಣೆದುರಿನಲ್ಲಿ ಆ ಆಹಾರವನ್ನು ಅತಿ ಕಡಿಮೆ ಪ್ರಮಾಣದಿಂದ ಏರಿಸುತ್ತ ತಿನ್ನಿಸಿ ನೋಡುವ ಪರೀಕ್ಷೆಯ ಮಾತೇ ಕೊನೆಯ ಮಾತು.

ನಿಮ್ಮ ವಿಷಯಕ್ಕೆ ಬರುವುದಾದರೆ, ಗಂದೆ, ತುಟಿಯ ಊತ, ವಾಂತಿ, ಉಬ್ಬಸ ಇವಾವುವೂ ಇಲ್ಲದೆ ಬರಿಯ ಹೊಟ್ಟೆಯುಬ್ಬರ ಮತ್ತು ತಲೆನೋವು ಇರುವುದು ಐಜಿಇ ಅಲರ್ಜಿಯ ಲಕ್ಷಣದಂತೆ ಕಾಣುವುದಿಲ್ಲ. ಹಾಲಿನ ಸಕ್ಕರೆ ಜೀರ್ಣವಾಗದಿರುವುದು, ಕೆರಳುವ ಕರುಳಿನ ತೊಂದರೆ, ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇವುಗಳನ್ನು ನೋಡಬೇಕು. ಸೀಲಿಯಾಕ್‌ನ ರಕ್ತಪರೀಕ್ಷೆ ಗೋಧಿಯನ್ನು ತಿನ್ನುತ್ತಿರುವಾಗ ಮಾತ್ರ ಸರಿಯಾದ ಉತ್ತರ ಕೊಡುತ್ತದೆ. ತಿಂಗಳುಗಟ್ಟಲೆ ಬಿಟ್ಟು ಪರೀಕ್ಷಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಆದ್ದರಿಂದ ವೈದ್ಯರನ್ನು ಕಂಡಾಗ, ಏನೇನು ಬಿಟ್ಟಿದ್ದೀರಿ, ಎಂದಿನಿಂದ ಬಿಟ್ಟಿದ್ದೀರಿ ಎಂಬುದನ್ನು ಮೊದಲು ಹೇಳಿ. ಅಲರ್ಜಿಯಿಂದಲೇ ಗಂದೆ ಅಥವಾ ಊತ ಎಂದಾದರೂ ಬಂದದ್ದಿದ್ದರೆ, ಆ ಆಹಾರವನ್ನು ಮನೆಯಲ್ಲಿ ನೀವಾಗಿ ತಿಂದು ನೋಡುವುದು ಬೇಡ.

ಪ್ರಶ್ನೆ: ಚರ್ಮದ ಚುಚ್ಚು ಪರೀಕ್ಷೆಗೆ ಮೊದಲು ದಿನವೂ ತೆಗೆದುಕೊಳ್ಳುವ ಅಲರ್ಜಿ ಮಾತ್ರೆಯನ್ನು ನಿಲ್ಲಿಸಬೇಕೇ?

ಉತ್ತರ: ಹೌದು, ಆಂಟಿಹಿಸ್ಟಮಿನ್ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವಾರ ಮುಂಚಿತವಾಗಿ ನಿಲ್ಲಿಸಲು ಹೇಳುತ್ತಾರೆ, ಇಲ್ಲವಾದರೆ ಗುಳ್ಳೆ ಏಳುವುದೇ ಇಲ್ಲ. ಖಿನ್ನತೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳೂ ಪರೀಕ್ಷೆಗೆ ಅಡ್ಡಿಯಾಗುತ್ತವೆ, ಆದರೆ ಅವನ್ನು ನೀವಾಗಿ ನಿಲ್ಲಿಸಕೂಡದು. ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇ ಮುಂದುವರಿಸಬಹುದು. ಮಾತ್ರೆಯನ್ನು ನಿಲ್ಲಿಸಲಾಗದವರಿಗೆ ರಕ್ತದ ಐಜಿಇ ಪರೀಕ್ಷೆ ಇದೆ, ಅದರ ಮೇಲೆ ಮಾತ್ರೆಯ ಪರಿಣಾಮವಿಲ್ಲ.

ಪ್ರಶ್ನೆ: ಐದು ತಿಂಗಳ ಮಗುವಿಗೆ ಕೆನ್ನೆ, ಮೊಣಕೈ ಸಂದುಗಳಲ್ಲಿ ಇಸುಬು ಇದೆ. ಕಡಲೆಕಾಯಿ, ಮೊಟ್ಟೆಗಳನ್ನು ಮೂರು ವರ್ಷದವರೆಗೆ ಕೊಡಬೇಡಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಬೇಗ ಕೊಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ವೈದ್ಯರ ಮಾತು ಕೇಳಿ, ಹಾಗೆಂದು ಹಿರಿಯರನ್ನು ದೂರಬೇಡಿ, ಅವರು ಹೇಳುತ್ತಿರುವುದು ಒಂದು ಕಾಲಕ್ಕೆ ವೈದ್ಯರೇ ಹೇಳಿದ್ದನ್ನು. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಸಲಹೆ ನೀಡಿ, 2008ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಪ್ರಕಟವಾದ ಒಂದು ಹೋಲಿಕೆ ಕುತೂಹಲಕರವಾಗಿತ್ತು: ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಶೇ 1.85ರಷ್ಟಿದ್ದರೆ, ಎಳವೆಯಲ್ಲೇ ಕಡಲೆಕಾಯಿಯ ತಿನಿಸು ತಿನ್ನುವ ಇಸ್ರೇಲಿನ ಮಕ್ಕಳಲ್ಲಿ ಅದು ಶೇ 0.17 ಮಾತ್ರವಿತ್ತು.

ಈ ಹೋಲಿಕೆಯಿಂದ ಹುಟ್ಟಿದ ಪ್ರಶ್ನೆಯನ್ನು ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ ‘ಲೀಪ್’ ಎಂಬ ಪ್ರಯೋಗದಲ್ಲಿ ಪರೀಕ್ಷೆಗೆ ಒಡ್ಡಿತು. ತೀವ್ರ ಇಸುಬು, ಮೊಟ್ಟೆಯ ಅಲರ್ಜಿ ಅಥವಾ ಎರಡೂ ಇದ್ದ, 4ರಿಂದ 11 ತಿಂಗಳ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರದಲ್ಲಿ ಮೂರು ಬಾರಿಯಾದರೂ ಕಡಲೆಕಾಯಿಯ ಆಹಾರ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ಪಥ್ಯ ವಿಧಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರಂಭದ ಚರ್ಮ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳ ಪೈಕಿ ಐದನೆಯ ವಯಸ್ಸಿಗೆ ಅಲರ್ಜಿ ಬಂದವರು ಪಥ್ಯದ ಗುಂಪಿನಲ್ಲಿ ಶೇ 13.7, ತಿಂದವರಲ್ಲಿ ಶೇ 1.9. ಸಣ್ಣ ಗುಳ್ಳೆ ಎದ್ದಿದ್ದ ಮಕ್ಕಳಲ್ಲೂ ಈ ಅಂಕಿಗಳು ಶೇ 35.3 ಮತ್ತು ಶೇ 10.6 ಆಗಿದ್ದವು. ಅದೇ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಪರೀಕ್ಷಿಸಿದ ವರದಿ 2024ರಲ್ಲಿ ಬಂತು: ಐದರ ನಂತರ ತಮಗೆ ಬೇಕಾದಂತೆ ತಿಂದಿದ್ದರೂ, ಬಿಟ್ಟಿದ್ದರೂ, ಎಳವೆಯಲ್ಲಿ ತಿಂದ ಗುಂಪಿನಲ್ಲಿ ಅಲರ್ಜಿ ಶೇ 71ರಷ್ಟು ಕಡಿಮೆಯಾಗಿಯೇ ಉಳಿದಿತ್ತು.

ಇದಕ್ಕೆ ಕೊಡುವ ವಿವರಣೆ ಹೀಗಿದೆ: ಇಸುಬಿನಿಂದ ಬಿರಿದ ಚರ್ಮದ ಮೂಲಕ ಆಹಾರದ ಕಣಗಳು ದೇಹಕ್ಕೆ ಮೊದಲು ಪರಿಚಯವಾದರೆ ರೋಗನಿರೋಧಕ ವ್ಯವಸ್ಥೆ ಅವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಬಾಯಿಯ ಮೂಲಕ ಮೊದಲು ಪರಿಚಯವಾದರೆ ಸಹಿಸಲು ಕಲಿಯುತ್ತದೆ. ಹೀಗಾಗಿ ಇಸುಬಿಗೆ ಸರಿಯಾದ ಚಿಕಿತ್ಸೆ ಮಾಡುವುದೂ ಮುಖ್ಯ. ನಿಮ್ಮ ಮಗುವಿನ ಇಸುಬು ತೀವ್ರವಾಗಿದ್ದರೆ ಕಡಲೆಕಾಯಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸುವುದು ಲೇಸು. ಸೌಮ್ಯವಾಗಿದ್ದರೆ, ಮಗು ಘನ ಆಹಾರಕ್ಕೆ ಸಿದ್ಧವಾದ ಮೇಲೆ, ಆರು ತಿಂಗಳ ಸುಮಾರಿಗೆ ಮನೆಯಲ್ಲೇ ಆರಂಭಿಸಬಹುದು. ಇಡೀ ಕಾಳನ್ನು ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಅದು ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು, ತೆಳುಮಾಡಿ ಕೊಡಬೇಕು. ಒಮ್ಮೆ ಒಗ್ಗಿತೆಂದರೆ ನಿಲ್ಲಿಸದೆ ವಾರವಾರವೂ ಕೊಡುತ್ತಿರಬೇಕು.

ಪ್ರಶ್ನೆ: ಏಳು ವರ್ಷದ ಮಗಳಿಗೆ ಕಡಲೆಕಾಯಿಯಿಂದ ಎರಡು ಬಾರಿ ಮೈಯೆಲ್ಲ ಗಂದೆ ಎದ್ದು ಉಸಿರು ಕಟ್ಟಿತ್ತು. ಈಗ ಇದನ್ನು ಗುಣಪಡಿಸುವ ಚುಚ್ಚುಮದ್ದು ಬಂದಿದೆ ಎಂದು ಓದಿದೆ. ನಿಜವೇ?

ಉತ್ತರ: ಚುಚ್ಚುಮದ್ದು ಬಂದಿರುವುದು ನಿಜ, ಗುಣಪಡಿಸುತ್ತದೆ ಎಂಬುದು ನಿಜವಲ್ಲ. ನೀವು ಓದಿರುವುದು ಒಮಲಿಜುಮ್ಯಾಬ್ ಬಗ್ಗೆ ಇರಬೇಕು. ರಕ್ತದಲ್ಲಿನ ಐಜಿಇಯನ್ನು ಹಿಡಿದುಹಾಕುವ ಈ ಔಷಧ 2003ರಿಂದಲೂ ಉಬ್ಬಸಕ್ಕೆ ಬಳಕೆಯಲ್ಲಿದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ವರ್ಷ ಮೇಲ್ಪಟ್ಟವರ ಆಹಾರ ಅಲರ್ಜಿಗೂ ಅದಕ್ಕೆ ಒಪ್ಪಿಗೆ ನೀಡಿತು. ಆಧಾರವಾದ ಪ್ರಯೋಗದಲ್ಲಿ 1ರಿಂದ 17 ವರ್ಷದ 177 ಮಂದಿ ಇದ್ದರು. 16ರಿಂದ 20 ವಾರಗಳ ಚಿಕಿತ್ಸೆಯ ನಂತರ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು, ಅಂದರೆ ಎರಡು-ಮೂರು ಕಾಳುಗಳಷ್ಟನ್ನು, ತಾಳಿಕೊಂಡವರು ಔಷಧದ ಗುಂಪಿನಲ್ಲಿ ಶೇ 67, ಹುಸಿ ಔಷಧದ ಗುಂಪಿನಲ್ಲಿ ಶೇ 7. ಔಷಧ ಪಡೆದವರಲ್ಲೂ ಒಂದು ಸಣ್ಣ ಭಾಗಕ್ಕೆ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕು, ಕಡಲೆಕಾಯಿಯನ್ನು ದೂರವಿಡುವುದನ್ನೂ ಬಿಡುವಂತಿಲ್ಲ. ತಿಳಿಯದೆ ಬಾಯಿಗೆ ಬಿದ್ದ ಒಂದು ಚೂರು ಪ್ರಾಣಕ್ಕೆ ಎರವಾಗದಿರಲಿ ಎಂಬುದೇ ಇದರ ಗುರಿ. ಹಲವು ಆಹಾರಗಳ ಅಲರ್ಜಿ ಇರುವ ಮಕ್ಕಳಿಗೆ ಇದೊಂದೇ ಔಷಧ ಎಲ್ಲಕ್ಕೂ ಒದಗುವುದು ಇದರ ದೊಡ್ಡ ಅನುಕೂಲ.

ಇನ್ನೊಂದು ದಾರಿ, ಅದೇ ಆಹಾರವನ್ನು ಅಳೆದ ಪ್ರಮಾಣದಲ್ಲಿ ದಿನವೂ ತಿನ್ನಿಸಿ ದೇಹವನ್ನು ಪಳಗಿಸುವುದು. ಪ್ರಮಾಣೀಕರಿಸಿದ ಕಡಲೆಕಾಯಿ ಪುಡಿಯೊಂದಕ್ಕೆ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 4ರಿಂದ 17 ವರ್ಷದವರ ಪೈಕಿ ಶೇ 67.2ರಷ್ಟು ಮಂದಿ 600 ಮಿಲಿಗ್ರಾಂ ತಾಳಿಕೊಂಡರು. ಹುಸಿ ಔಷಧ ಪಡೆದವರಲ್ಲಿ ಶೇ 4. ಆದರೆ ಚಿಕಿತ್ಸೆಯ ಅವಧಿಯಲ್ಲಿ, ತೀವ್ರ ಪ್ರತಿಕ್ರಿಯೆಗೆ ಕೊಡುವ ಅಡ್ರಿನಾಲಿನ್ ಬೇಕಾದವರು ಕ್ರಮವಾಗಿ ಶೇ 14 ಮತ್ತು ಶೇ 6.5. ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿದ 2019ರ ಒಂದು ವಿಶ್ಲೇಷಣೆಯೂ, ಆಹಾರವನ್ನು ದೂರವಿಟ್ಟವರಿಗಿಂತ ಪಳಗಿಸಿಕೊಳ್ಳುತ್ತಿರುವವರಲ್ಲೇ ತೀವ್ರ ಪ್ರತಿಕ್ರಿಯೆಗಳು ಹೆಚ್ಚೆಂದು ಕಂಡುಕೊಂಡಿತು. ಪರೀಕ್ಷಾ ಕೊಠಡಿಯಲ್ಲಿ ಹೆಚ್ಚು ತಾಳಿಕೊಳ್ಳುವ ಮಗು ಮನೆಯಲ್ಲಿ ಹೆಚ್ಚು ಬಾರಿ ತೊಂದರೆಗೆ ಸಿಲುಕಬಹುದು ಎಂಬ ಈ ವಿರೋಧಾಭಾಸವನ್ನು ಅರಿತೇ ತಂದೆತಾಯಿ ಒಪ್ಪಿಕೊಳ್ಳಬೇಕು. ಜ್ವರ ಬಂದ ದಿನ, ಡೋಸಿನ ಬೆನ್ನಿಗೇ ಓಡಿ ಆಡಿದ ದಿನ, ಪ್ರತಿಕ್ರಿಯೆಯ ಸಂಭವ ಮತ್ತೂ ಹೆಚ್ಚು.

ವಯಸ್ಸು ಚಿಕ್ಕದಾದಷ್ಟೂ ಫಲ ಹೆಚ್ಚೆಂಬ ಸೂಚನೆ ಇದೆ. 2022ರಲ್ಲಿ ಪ್ರಕಟವಾದ, ನಾಲ್ಕು ವರ್ಷದೊಳಗಿನ 146 ಮಕ್ಕಳ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿಸಿ 26 ವಾರ ಪೂರ್ತಿ ಬಿಟ್ಟ ಮೇಲೂ ಶೇ 21ರಷ್ಟು ಮಕ್ಕಳು ಕಡಲೆಕಾಯಿಯನ್ನು ತಾಳಿಕೊಂಡರು. ಹುಸಿ ಔಷಧ ಪಡೆದವರಲ್ಲಿ ಅದು ಶೇ 2. ಕಡಲೆಕಾಯಿ ಪ್ರೋಟೀನು ಸೇರಿಸಿ ಚರ್ಮಕ್ಕೆ ಅಂಟಿಸುವ ಪಟ್ಟಿಯ ಪ್ರಯೋಗದಲ್ಲೂ (2023) 1ರಿಂದ 3 ವರ್ಷದವರ ಪೈಕಿ ಶೇ 67 ಮಕ್ಕಳಿಗೆ ಉಪಯೋಗವಾಯಿತು. ಬರಿಯ ಪಟ್ಟಿ ಹಾಕಿಸಿಕೊಂಡವರಲ್ಲಿ ಶೇ 33.5. ನಿಮ್ಮ ಮಗಳಿಗೆ ಉಬ್ಬಸವಿದ್ದರೆ ಅದನ್ನು ಹತೋಟಿಗೆ ತರುವುದು ಇವೆಲ್ಲಕ್ಕಿಂತ ಮೊದಲಿನ ಕೆಲಸ.

ಪ್ರಶ್ನೆ: ಚಿಕ್ಕಂದಿನಲ್ಲಿ ಪೆನಿಸಿಲಿನ್ ತೆಗೆದುಕೊಂಡಾಗ ಮೈಮೇಲೆ ಕೆಂಪು ದದ್ದು ಬಂದಿತ್ತಂತೆ. ಈಗ ನನಗೆ ಐವತ್ತು. ಪ್ರತಿ ಆಸ್ಪತ್ರೆಯ ಕಡತದಲ್ಲೂ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದುಕೊಳ್ಳುತ್ತಾರೆ. ಅದು ಹಾಗೆಯೇ ಇದ್ದರೆ ತೊಂದರೆಯೇನು?

ಉತ್ತರ: ತೊಂದರೆ ಇದೆ. ಇಂಥ ಹಣೆಪಟ್ಟಿ ಹೊತ್ತವರಿಗೆ ಕೊಡುವ ಬದಲಿ ಪ್ರತಿಜೀವಕಗಳು ಹಲವು ಸೋಂಕುಗಳಲ್ಲಿ ಪೆನಿಸಿಲಿನ್‌ನಷ್ಟು ಪರಿಣಾಮಕಾರಿಯಲ್ಲ, ಅಡ್ಡಪರಿಣಾಮಗಳೂ ಹೆಚ್ಚು; ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವುದಕ್ಕೂ ಅವು ದಾರಿಯಾಗುತ್ತವೆ. ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಪೆನಿಸಿಲಿನ್ನನ್ನು ಯಾವ ತೊಂದರೆಯೂ ಇಲ್ಲದೆ ತೆಗೆದುಕೊಳ್ಳಬಲ್ಲರು. ಬಾಲ್ಯದ ದದ್ದುಗಳಲ್ಲಿ ಬಹುಪಾಲು ಆಗ ಇದ್ದ ವೈರಸ್ ಸೋಂಕಿನಿಂದಲೇ ಬಂದಿರುತ್ತವೆ. ನಿಜವಾದ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷ ಕಳೆಯುವ ಹೊತ್ತಿಗೆ ಸುಮಾರು ಶೇ 80 ಮಂದಿಯಲ್ಲಿ ಅದು ಮಾಸಿಹೋಗಿರುತ್ತದೆ.

ಅಪಾಯವನ್ನು ಅಳೆಯಲು 2020ರಲ್ಲಿ ‘ಪೆನ್-ಫಾಸ್ಟ್’ ಎಂಬ ಸರಳ ಅಂಕಪದ್ಧತಿ ಬಂತು. ಪ್ರತಿಕ್ರಿಯೆಯಾಗಿ ಐದು ವರ್ಷ ಮೀರಿಲ್ಲದಿದ್ದರೆ 2 ಅಂಕ, ಅನಾಫಿಲಾಕ್ಸಿಸ್ (ಇಡೀ ದೇಹವನ್ನು ಆವರಿಸಿ ಜೀವಕ್ಕೇ ಅಪಾಯ ತರುವ ಅಲರ್ಜಿ), ಮುಖದ ಊತ ಅಥವಾ ಚರ್ಮದ ತೀವ್ರ ಪ್ರತಿಕ್ರಿಯೆಯಾಗಿದ್ದರೆ 2 ಅಂಕ, ಅದಕ್ಕೆ ಚಿಕಿತ್ಸೆ ಬೇಕಾಗಿದ್ದರೆ 1 ಅಂಕ. ಮೊತ್ತ 3ಕ್ಕಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ. ಇಂಥ 382 ವಯಸ್ಕರನ್ನು ಒಳಗೊಂಡು, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾದ ಆರು ಕೇಂದ್ರಗಳಲ್ಲಿ ನಡೆದ ‘ಪ್ಯಾಲೆಸ್’ ಪ್ರಯೋಗ 2023ರಲ್ಲಿ ಪ್ರಕಟವಾಯಿತು: ಅರ್ಧ ಜನರಿಗೆ ಮೊದಲು ಚರ್ಮ ಪರೀಕ್ಷೆ ಮಾಡಿ ಆಮೇಲೆ ಪೆನಿಸಿಲಿನ್ ಮಾತ್ರೆ ಕೊಟ್ಟರು, ಉಳಿದವರಿಗೆ ನೇರವಾಗಿ ಮಾತ್ರೆಯನ್ನೇ ಕೊಟ್ಟರು. ಎರಡೂ ಗುಂಪಿನಲ್ಲಿ ಪ್ರತಿಕ್ರಿಯೆ ಕಂಡದ್ದು ಒಬ್ಬೊಬ್ಬರಿಗೆ ಮಾತ್ರ. ಎಂದರೆ, ಅಪಾಯ ಕಡಿಮೆಯಿರುವವರಿಗೆ ಚರ್ಮ ಪರೀಕ್ಷೆಯ ಹಂತವೇ ಬೇಕಾಗಿಲ್ಲ. ಇತ್ತೀಚಿನ ಅಲರ್ಜಿ ಸಂಶೋಧನೆಗಳಲ್ಲಿ ಅತಿ ಹೆಚ್ಚು ಜನರಿಗೆ ಅತಿ ಕಡಿಮೆ ಖರ್ಚಿನಲ್ಲಿ ಉಪಯೋಗವಾಗುವುದು ಇದೇ ಎಂದು ನನಗನ್ನಿಸುತ್ತದೆ. ಪತ್ರಿಕೆಗಳ ತಲೆಬರಹಕ್ಕೆ ಮಾತ್ರ ಇದು ಏರಲಿಲ್ಲ.

ನಿಮ್ಮ ವಿವರವನ್ನು ನೋಡಿದರೆ ನೀವು ಕಡಿಮೆ ಅಪಾಯದವರಂತೆ ತೋರುತ್ತೀರಿ. ಆರೋಗ್ಯವಾಗಿರುವಾಗಲೇ, ತುರ್ತು ನಿಗಾ ಸೌಲಭ್ಯವಿರುವ ಕಡೆ ಪರೀಕ್ಷಿಸಿಕೊಂಡು, ಫಲಿತಾಂಶ ಚೆನ್ನಾಗಿದ್ದರೆ ಆ ಬರಹವನ್ನು ಎಲ್ಲ ಕಡತಗಳಿಂದ ತೆಗೆಸಿ. ಚರ್ಮ ಸುಲಿದು ಬಾಯಿ, ಕಣ್ಣುಗಳಲ್ಲಿ ಹುಣ್ಣಾದಂಥ ಪ್ರತಿಕ್ರಿಯೆ ಆಗಿದ್ದವರು ಮಾತ್ರ ಇಂಥ ಪರೀಕ್ಷೆಗೆ ಒಳಗಾಗಲೇಬಾರದು.

ಪ್ರಶ್ನೆ: ವರ್ಷವಿಡೀ ಬೆಳಿಗ್ಗೆ ಎದ್ದೊಡನೆ ಸೀನು, ಮೂಗು ಕಟ್ಟುವುದು. ದೂಳಿನ ಹುಳದ ಅಲರ್ಜಿ ಎಂದು ಪರೀಕ್ಷೆಯಲ್ಲಿ ತಿಳಿದಿದೆ. ಮಾತ್ರೆ ನುಂಗಿ ಸಾಕಾಗಿದೆ. ಅಲರ್ಜಿ ಚುಚ್ಚುಮದ್ದು ತೆಗೆದುಕೊಳ್ಳಲೇ?

ಉತ್ತರ: ಮಾತ್ರೆ ಸೀನು ಮತ್ತು ತುರಿಕೆಯನ್ನು ತಗ್ಗಿಸುತ್ತದೆ, ಕಟ್ಟಿದ ಮೂಗಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇ ಅದಕ್ಕಿಂತ ಪರಿಣಾಮಕಾರಿ. ಆದರೆ ದಿನವೂ ಹಾಕಿದರೆ ಮಾತ್ರ, ಪೂರ್ಣ ಫಲಕ್ಕೆ ಒಂದೆರಡು ವಾರ ಕಾಯಬೇಕು. ತುದಿಯನ್ನು ಮೂಗಿನ ನಡುಗೋಡೆಯ ಕಡೆಗಲ್ಲದೆ ಕಣ್ಣಿನ ಹೊರ ಅಂಚಿನ ದಿಕ್ಕಿಗೆ ತಿರುಗಿಸಿ ಹೊಡೆಯಬೇಕು. ಕೂಡಲೇ ಮೂಗು ಬಿಡಿಸುವ ಹನಿಗಳನ್ನು ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಮಾಂಟೆಲುಕಾಸ್ಟ್ ಮಾತ್ರೆಯಿಂದ ಕೆಲವರಲ್ಲಿ ಮನಸ್ಸಿನ ಏರುಪೇರು ಕಾಣಿಸಿಕೊಳ್ಳುವುದರಿಂದ, 2020ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಅದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿತು. ಬರಿಯ ನೆಗಡಿಯ ಅಲರ್ಜಿಗೆ ಅದು ಮೊದಲ ಆಯ್ಕೆಯಲ್ಲ.

ಇಷ್ಟರಿಂದಲೂ ಹತೋಟಿಗೆ ಬಾರದಿದ್ದರೆ ಚುಚ್ಚುಮದ್ದನ್ನು ಯೋಚಿಸಬಹುದು. ಅಲರ್ಜಿ ತರುವ ವಸ್ತುವನ್ನೇ ಅಲ್ಪ ಪ್ರಮಾಣದಿಂದ ಏರಿಸುತ್ತ ಕೊಟ್ಟು ದೇಹವನ್ನು ಪಳಗಿಸುವ, 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದಿಂದ ಆರಂಭಿಸಿದ ಈ ವಿಧಾನ ರೋಗದ ಬೇರಿಗೇ ಕೈಹಾಕುತ್ತದೆ. ನಾಲಿಗೆಯಡಿ ಇಡುವ ಮಾತ್ರೆಯ ರೂಪದಲ್ಲೂ ಈಗ ಲಭ್ಯವಿದೆ. ಇದಕ್ಕೆ ಬೇಕಾದದ್ದು ಮೂರು ವರ್ಷಗಳ ತಾಳ್ಮೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹುಲ್ಲಿನ ಪರಾಗದ ಮಾತ್ರೆಯನ್ನು ಎರಡು ವರ್ಷ ತೆಗೆದುಕೊಂಡು ನಿಲ್ಲಿಸಿದವರು, ಒಂದು ವರ್ಷದ ನಂತರ ಹುಸಿ ಔಷಧ ಪಡೆದವರಿಗಿಂತ ಮೇಲಾಗಿರಲಿಲ್ಲ. ಮೂರು ವರ್ಷ ಪೂರೈಸಿದವರಲ್ಲಿ ಮಾತ್ರ ನಿಲ್ಲಿಸಿದ ಮೇಲೂ ಗುಣ ಉಳಿಯುತ್ತದೆಂದು ಬೇರೆ ಪ್ರಯೋಗಗಳು ತೋರಿಸಿವೆ. ನಡುವೆ ಬಿಡುವ ಮನಸ್ಸಿದ್ದರೆ ಆರಂಭಿಸದಿರುವುದೇ ಮೇಲು. ಪ್ರತಿ ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು, ಉಬ್ಬಸ ಹತೋಟಿಯಲ್ಲಿಲ್ಲದವರಿಗೆ ಇದನ್ನು ಕೊಡಕೂಡದು.

ಪ್ರಶ್ನೆ: ಮೂರು ತಿಂಗಳಿಂದ ಹೆಚ್ಚುಕಡಿಮೆ ದಿನವೂ ಪಿತ್ತದ ಗಂದೆ ಏಳುತ್ತಿದೆ. ಯಾವ ಆಹಾರದ ಅಲರ್ಜಿ ಎಂದು ಕಂಡುಹಿಡಿಯುವುದು ಹೇಗೆ?

ಉತ್ತರ: ಬಹುಶಃ ಯಾವುದರದ್ದೂ ಅಲ್ಲ. ಆರು ವಾರ ಮೀರಿದ ಗಂದೆಗೆ ಆಹಾರ ಕಾರಣವಾಗುವುದು ಬಲು ಅಪರೂಪ. ಹಲವರಲ್ಲಿ ದೇಹದ ಸ್ವಂತ ಪ್ರತಿಕಾಯಗಳೇ ಮಾಸ್ಟ್ ಕೋಶಗಳನ್ನು ಕೆರಳಿಸುತ್ತಿರುತ್ತವೆ. ನಿದ್ದೆ ತರದ ಹೊಸ ಪೀಳಿಗೆಯ ಆಂಟಿಹಿಸ್ಟಮಿನ್ನನ್ನು ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರು ನಾಲ್ಕು ಪಟ್ಟಿನವರೆಗೂ ಏರಿಸಬಹುದು. ಅದಕ್ಕೂ ಬಗ್ಗದಿದ್ದರೆ ಒಮಲಿಜುಮ್ಯಾಬ್ ಇದೆ. 2025ರಲ್ಲಿ ಡುಪಿಲುಮ್ಯಾಬ್ ಚುಚ್ಚುಮದ್ದು ಮತ್ತು ರೆಮಿಬ್ರುಟಿನಿಬ್ ಎಂಬ ಮಾತ್ರೆಗೂ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ.

ಪ್ರಶ್ನೆ: ತೀವ್ರ ಅಲರ್ಜಿ ಆದಾಗ ಮನೆಯಲ್ಲಿ ಆಂಟಿಹಿಸ್ಟಮಿನ್ ಮಾತ್ರೆ ಕೊಟ್ಟು ಕಾದು ನೋಡಬಹುದೇ?

ಉತ್ತರ: ಬರಿಯ ನಾಲ್ಕು ಗಂದೆಗಳಿದ್ದರೆ ನೋಡಬಹುದು. ಉಸಿರಾಟದ ತೊಂದರೆ, ಧ್ವನಿ ಬದಲಾಗುವುದು, ನಾಲಿಗೆ ಊದುವುದು, ಪದೇಪದೇ ವಾಂತಿ, ತಲೆ ತಿರುಗಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಕಾಯುವಂತಿಲ್ಲ. ಆಗ ಜೀವ ಉಳಿಸುವುದು ಅಡ್ರಿನಾಲಿನ್ ಒಂದೇ. ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಕುಸಿಯುತ್ತಿರುವ ರಕ್ತದೊತ್ತಡವನ್ನು ಎತ್ತುವುದಿಲ್ಲ. ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ, ವಯಸ್ಕರಿಗೆ ಹೆಚ್ಚೆಂದರೆ 0.5 ಮಿಲಿಗ್ರಾಂನಷ್ಟು, ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ಚುಚ್ಚಬೇಕು. ಮೊದಲೇ ತುಂಬಿಸಿಟ್ಟ ಪೆನ್ನಿನಂಥ ಸಾಧನಗಳು ಇರುವೆಡೆ ಬಟ್ಟೆಯ ಮೇಲಿನಿಂದಲೇ ಚುಚ್ಚಬಹುದು. ಸೂಜಿಗೆ ಹೆದರಿ ತಡಮಾಡುವವರಿಗಾಗಿ ಮೂಗಿಗೆ ಹೊಡೆಯುವ ಅಡ್ರಿನಾಲಿನ್ ಸ್ಪ್ರೇಗೆ 2024ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅನಾಫಿಲಾಕ್ಸಿಸ್‌ಗೆ ಸಿಲುಕಿದವರನ್ನು ಪ್ರಯೋಗಕ್ಕೆ ಒಳಪಡಿಸುವುದು ನ್ಯಾಯವಲ್ಲವಾದ್ದರಿಂದ, ಆರೋಗ್ಯವಂತರ ರಕ್ತದಲ್ಲಿ ಔಷಧದ ಮಟ್ಟ ಚುಚ್ಚುಮದ್ದಿನಲ್ಲಿ ಏರುವಷ್ಟೇ ಏರುತ್ತದೆಯೇ ಎಂಬುದನ್ನು ನೋಡಿಯೇ ಆ ಒಪ್ಪಿಗೆ ನೀಡಲಾಗಿದೆ.

ಔಷಧ ಕೊಟ್ಟ ಮೇಲೆ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿಡಿ. ಉಸಿರಾಡಲು ಕಷ್ಟವಾದರೆ ಒರಗಿ ಕೂರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ತಟ್ಟನೆ ಎದ್ದು ನಿಲ್ಲಲು ಅಥವಾ ನಡೆಯಲು ಬಿಡಬೇಡಿ, ರಕ್ತದೊತ್ತಡ ಕುಸಿದು ಸಾವುಗಳಾದದ್ದಿದೆ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಡೋಸ್ ಕೊಡಬಹುದು. ಅಷ್ಟರಲ್ಲಿ ತುರ್ತು ವಾಹನಕ್ಕೆ ಕರೆ ಹೋಗಿರಬೇಕು, ಏಕೆಂದರೆ ಪೂರ್ತಿ ಚೇತರಿಸಿಕೊಂಡಂತೆ ಕಂಡವರಲ್ಲೂ ಕೆಲವು ತಾಸುಗಳ ನಂತರ ಅದೇ ಲಕ್ಷಣಗಳು ಮರುಕಳಿಸಬಹುದು.